ಸ್ಲ್ಯಾಪ್ಟನ್: ಕಡಲು, ಕೆರೆ ಮತ್ತು ತೆರವಾದ ಹಳ್ಳಿಗಳು

ಬೇಸಿಗೆಯಲ್ಲಿ ಇಂಗ್ಲೆಂಡಿನ ಮಕ್ಕಳ ಮನೆಗೆ ಹೋಗುವ ನಮ್ಮವರ ಪ್ರವಾಸಪಟ್ಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಲಂಡನ್ನಿನ ಅರಮನೆ, ಆಕ್ಸ್‌ಫರ್ಡ್, ಸ್ಟೋನ್‌ಹೆಂಜ್, ರಜೆ ಉಳಿದಿದ್ದರೆ ಸ್ಕಾಟ್ಲೆಂಡ್. ಆ ಪಟ್ಟಿಯಲ್ಲಿ ಎರಡು ದಿನ ಕಡಿತ ಮಾಡಿ ಡೆವನ್ ಕೌಂಟಿಯ ದಕ್ಷಿಣ ಕರಾವಳಿಯ ಸ್ಲ್ಯಾಪ್ಟನ್ ಎಂಬ ಹಳ್ಳಿಗೆ ಕೊಡಿ. ಇಲ್ಲಿ ಟಿಕೆಟ್ ಕೊಟ್ಟು ನೋಡುವ ಅರಮನೆಯಿಲ್ಲ. ಒಂದು ಚರ್ಚು, ಒಂದು ಮುರಿದ ಗೋಪುರ, ಕಿರಿದಾದ ಓಣಿಗಳು, ಊರಿನ ಕೆಳಗೆ ಒಂದು ದೊಡ್ಡ ಸಿಹಿನೀರಿನ ಕೆರೆ, ಕೆರೆಯಾಚೆ ಇಂಗ್ಲಿಷ್ ಕಡಲ್ಗಾಲುವೆ. ಆದರೆ 1943–44ರ ಚಳಿಗಾಲದಲ್ಲಿ ಈ ಪ್ಯಾರಿಷ್ ಪೂರ್ತಿ ಖಾಲಿಯಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯ ಮೇಲೆ ನಡೆಯಲಿದ್ದ ದಾಳಿಯ ತಾಲೀಮು ನಡೆದದ್ದು ಇದರ ಕಡಲತೀರದಲ್ಲಿ.

ಮೊದಲು ನೆಲದ ಆಕಾರವನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಕುಂದಾಪುರದ ಹತ್ತಿರದ ಮರವಂತೆಯನ್ನು ನೋಡಿದವರಿಗೆ ಇದು ಸುಲಭ: ರಸ್ತೆಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸಿಹಿನೀರು. ಸ್ಲ್ಯಾಪ್ಟನ್‌ನಲ್ಲಿ ನಡುವಿನ ದಿಣ್ಣೆ ಮರಳಿನದಲ್ಲ, ಉರುಟುಗಲ್ಲುಗಳದ್ದು. ಹೆಸರು ‘ಸ್ಲ್ಯಾಪ್ಟನ್ ಸ್ಯಾಂಡ್ಸ್’ ಎಂದಿದ್ದರೂ ಕಾಲಿಗೆ ಸಿಗುವುದು ಗೋಲಿಯಷ್ಟು, ಹುಣಸೆಬೀಜದಷ್ಟು ನುಣುಪಾದ ಕಲ್ಲುಗಳು. ಒಂದು ಹಿಡಿ ಎತ್ತಿ ಒದ್ದೆ ಮಾಡಿ ನೋಡಿ. ಕಂದು, ಬೂದು, ಜೇನಿನ ಬಣ್ಣದ ಚಕಮಕಿ ಕಲ್ಲುಗಳೇ ಹೆಚ್ಚು, ನಡುನಡುವೆ ಬಿಳಿಯ ಬೆಣಚು. ಈ ಚಕಮಕಿ ಇಲ್ಲಿನ ಬೆಟ್ಟಗಳ ಕಲ್ಲಲ್ಲ. ಹಿಮಯುಗ ಮುಗಿದು ಸಮುದ್ರಮಟ್ಟ ಏರುತ್ತಾ ಬಂದಾಗ ಕಡಲ ತಳದ ಕಲ್ಲುಗಳನ್ನು ಅಲೆಗಳು ಸಾವಿರಾರು ವರ್ಷ ದಡದ ಕಡೆಗೆ ದೂಡಿಕೊಂಡು ಬಂದವು. ಹಾಗೆ ಎದ್ದ ದಿಣ್ಣೆ ಹಳ್ಳಗಳ ಬಾಯಿ ಕಟ್ಟಿತು, ಹಿಂದೆ ನೀರು ನಿಂತಿತು, ಸ್ಲ್ಯಾಪ್ಟನ್ ಲೇ ಎಂಬ ಕೆರೆಯಾಯಿತು. ಹೊಸ ಕಲ್ಲು ಈಗ ಬರುತ್ತಿಲ್ಲ. ಇರುವ ಕಲ್ಲೇ ಕೊಲ್ಲಿಯೊಳಗೆ ಆಚೀಚೆ ಸರಿಯುತ್ತದೆ, ಅಷ್ಟೇ. ಈ ಮಾತು ಮುಂದೆ ಬೇಕಾಗುತ್ತದೆ.

ನೈರುತ್ಯ ಇಂಗ್ಲೆಂಡಿನ ಅತಿ ದೊಡ್ಡ ನೈಸರ್ಗಿಕ ಸಿಹಿನೀರಿನ ಕೆರೆ ಇದು. ಉದ್ದ ಸುಮಾರು ಎರಡೂವರೆ ಕಿಲೋಮೀಟರು. ಆಳ ಮಾತ್ರ ಹೆಚ್ಚಿಲ್ಲ, ಬಹುಪಾಲು ಕಡೆ ಆಳುದ್ದವೂ ಬಾರದು. ಕೆರೆಗೆ ಎರಡು ಭಾಗ. ಉತ್ತರದ್ದು ಮೇಲಿನ ಲೇ, ಗಾರಾ ಎಂಬ ಪುಟ್ಟ ನದಿ ಬಂದು ಸೇರುವಲ್ಲಿ ಜೊಂಡು, ವಿಲೋ ಮರಗಳು ತುಂಬಿಕೊಂಡ ಜೌಗು. ದಕ್ಷಿಣದ್ದು ಕೆಳಗಿನ ಲೇ, ಬಯಲಾದ ನೀರು. ಎರಡರ ನಡುವೆ ಸ್ಲ್ಯಾಪ್ಟನ್ ಸೇತುವೆ. ತೀರದಿಂದ ಊರಿಗೆ ಹೋಗುವ ರಸ್ತೆ ಅದರ ಮೇಲೇ ಹಾಯುತ್ತದೆ.

ಹೋಗುವುದು ಹೇಗೆ? ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಟಾಟ್ನೆಸ್‌ಗೆ ನೇರ ರೈಲಿದೆ, ಮೂರು ಗಂಟೆಯ ಆಸುಪಾಸಿನ ಪ್ರಯಾಣ. ಅಲ್ಲಿಂದ ಕಿಂಗ್ಸ್‌ಬ್ರಿಜ್ ಅಥವಾ ಡಾರ್ಟ್‌ಮತ್ ಪಟ್ಟಣಕ್ಕೆ ಹೋಗಿ ಬಸ್ಸು ಹಿಡಿಯಬೇಕು. ಹಳ್ಳಿಗಾಡಿನ ಬಸ್ಸುಗಳು ವಿರಳ. ಭಾನುವಾರ, ಚಳಿಗಾಲದಲ್ಲಿ ಇನ್ನೂ ವಿರಳ. ಮರಳುವ ಬಸ್ಸಿನ ವೇಳೆ ನೋಡಿಕೊಳ್ಳದೆ ಕಾಲುದಾರಿ ಹಿಡಿಯಬೇಡಿ. ಮಕ್ಕಳು ಜೊತೆಗಿದ್ದು ಸಮಯವೂ ಇದ್ದರೆ ಪೇಂಟನ್‌ನಿಂದ ಕಿಂಗ್ಸ್‌ವೇರ್‌ವರೆಗೆ ಉಗಿಬಂಡಿಯಲ್ಲಿ ಹೋಗಿ, ದೋಣಿಯಲ್ಲಿ ಡಾರ್ಟ್ ನದಿ ದಾಟಿ ಡಾರ್ಟ್‌ಮತ್ ಸೇರುವ ದಾರಿಯೇ ಚೆಂದ. ಕಾರಿನಲ್ಲಾದರೆ ಲಂಡನ್ನಿನಿಂದ ನಾಲ್ಕೂವರೆ ಐದು ಗಂಟೆ ಹಿಡಿಯಿರಿ. ಕೊನೆಯ ಒಂದು ಗಂಟೆ ತಾಳ್ಮೆಯದು. ಡೆವನ್ನಿನ ಓಣಿಗಳ ಎರಡೂ ಬದಿಗೆ ಆಳೆತ್ತರದ ಮಣ್ಣಿನ ದಿಂಡು, ಅದರ ಮೇಲೆ ಬೇಲಿ, ಎದುರಿಗೆ ಟ್ರ್ಯಾಕ್ಟರು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ರಿವರ್ಸ್ ಹೋಗಲು ಅಳುಕುವವರು ಚಾಲಕರಾಗಿ ಕೂರದಿರುವುದು ಒಳ್ಳೆಯದು.

ಹೊರಡುವ ಮುನ್ನ ತಪ್ಪದೆ ಮಾಡಬೇಕಾದ ಕೆಲಸವೊಂದಿದೆ: ದಿಣ್ಣೆಯ ಮೇಲೆ ಹಾದುಹೋಗುವ ಎ379 ರಸ್ತೆ ತೆರೆದಿದೆಯೇ ಎಂದು ಡೆವನ್ ಕೌಂಟಿ ಕೌನ್ಸಿಲ್‌ನ ಪ್ರಕಟಣೆಯಲ್ಲಿ ನೋಡಿ. 2001ರ ಜನವರಿಯ ಬಿರುಗಾಳಿ ಈ ರಸ್ತೆಯನ್ನು ಕೊರೆದಿತ್ತು. 2018ರ ಮಾರ್ಚಿನ ಎಮ್ಮಾ ಬಿರುಗಾಳಿ ಡಾಂಬರನ್ನು ಕಿತ್ತು ಚಪ್ಪಡಿ ಚಪ್ಪಡಿಯಾಗಿ ಎಸೆದಾಗ ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಪ್ರತಿ ಬಾರಿಯೂ ದಿಣ್ಣೆ ಒಳನಾಡಿನ ಕಡೆಗೆ ಒಂದಿಷ್ಟು ಸರಿಯುತ್ತದೆ. ರಸ್ತೆ ಕಡಿದಿದ್ದರೆ ತೀರದ ಎರಡು ತುದಿಗಳ ನಡುವೆ ಒಳಗಿನ ಓಣಿಗಳಲ್ಲಿ ಸುತ್ತಿ ಬರಬೇಕು, ಬಸ್ಸಿನ ಮಾರ್ಗವೂ ಬದಲಾಗುತ್ತದೆ. ವಸತಿ ಕಾಯ್ದಿರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ನಡಿಗೆ. ಬೆಳಿಗ್ಗೆ ಬೇಗ ಎದ್ದು ಸ್ಲ್ಯಾಪ್ಟನ್ ಸೇತುವೆಯಿಂದ ಶುರು ಮಾಡಿ. ಕೆರೆಯ ಒಳದಂಡೆಗುಂಟ ಐರ್ಲೆಂಡ್ ಬೇ ಎಂಬ ಕಡೆಗೆ ಕಾಲುದಾರಿ ಹೋಗುತ್ತದೆ. ಮುಂದೆ ಜೊಂಡಿನ ನಡುವೆ ಹಲಗೆ ಹಾಸಿದ ದಾರಿ. ಅಲ್ಲಿಂದ ಹೊಲಗಳ ನಡುವೆ ಏರಿ ಊರಿಗೆ ಬರಬಹುದು. ನಿಂತು ನಿಂತು ನೋಡುತ್ತಾ ಎರಡು ಗಂಟೆ ಸಾಕು. ಹಲಗೆಗಳು ಒದ್ದೆಯಾದರೆ ಜಾರುತ್ತವೆ, ಮಳೆ ಹೆಚ್ಚಾದ ಚಳಿಗಾಲದಲ್ಲಿ ದಾರಿಯ ಮೇಲೇ ನೀರು ನಿಲ್ಲುವುದುಂಟು. ಸೀರೆ, ಚಪ್ಪಲಿ ಇಲ್ಲಿಗಲ್ಲ. ಹಿಡಿತವಿರುವ ಶೂ, ಮಳೆ ತಡೆಯುವ ಜಾಕೆಟ್ಟು ಜೂನ್ ತಿಂಗಳಲ್ಲೂ ಬೇಕು.

ಇಲ್ಲಿ ಕಣ್ಣಿಗಿಂತ ಕಿವಿಗೆ ಮೊದಲು ಕೆಲಸ. ಜೊಂಡಿನ ಬುಡದಿಂದ ಒಮ್ಮೆಲೇ ಸಿಡಿದಂತೆ ಕೇಳುವ ಗಟ್ಟಿ ಸ್ವರ ಚೆಟ್ಟೀಸ್ ವಾರ್ಬ್ಲರ್ ಹಕ್ಕಿಯದು. ಅಂಗೈಯಲ್ಲಿ ಅಡಗುವಷ್ಟು ಕಂದು ಹಕ್ಕಿ, ಸ್ವರ ಕೇಳಿದವರಲ್ಲಿ ಹತ್ತರಲ್ಲಿ ಒಬ್ಬರಿಗೂ ಅದು ಕಾಣಿಸುವುದಿಲ್ಲ. ಬೇಸಿಗೆಯಲ್ಲಿ ಆಫ್ರಿಕಾದಿಂದ ಬಂದ ರೀಡ್ ವಾರ್ಬ್ಲರ್‌ಗಳು ಇಡೀ ದಿನ ಗೊಣಗುತ್ತಿರುತ್ತವೆ. ಬಯಲ ನೀರಿನಲ್ಲಿ ತುರಾಯಿ ಕಟ್ಟಿಕೊಂಡ ಗ್ರೀಬ್ ಜೋಡಿಗಳು ಎದುರುಬದುರು ನಿಂತು ತಲೆ ಅಲ್ಲಾಡಿಸುವ ಪ್ರಣಯದಾಟ ವಸಂತಕಾಲದ ನೋಟ. ನೀರುನಾಯಿಗಳೂ ಇವೆ, ನಸುಕಿನಲ್ಲಿ ಸುಮ್ಮನೆ ಕೂರುವವರಿಗೆ ಮಾತ್ರ. ಚಳಿಗಾಲದಲ್ಲಿ ಬಾತುಗಳ ಹಿಂಡು ಇಳಿಯುತ್ತದೆ, ಕೆಲವು ವರ್ಷ ಬಿಟರ್ನ್ ಎಂಬ ಜೊಂಡಿನ ಬಕವೂ ಬರುತ್ತದೆ.

ಊರಿನ ಕಡೆಯ ಹೊಲದ ಬೇಲಿಗಳಲ್ಲಿ ಸರ್ಲ್ ಬಂಟಿಂಗ್ ಎಂಬ ಹಕ್ಕಿಯನ್ನು ಹುಡುಕಿ. ಹಳದಿ ಮುಖ, ಅದರ ಮೇಲೆ ಕಪ್ಪು ಪಟ್ಟಿ, ಕಪ್ಪು ಗಂಟಲು. ಒಂದು ಕಾಲಕ್ಕೆ ದಕ್ಷಿಣ ಇಂಗ್ಲೆಂಡಿನ ಉದ್ದಕ್ಕೂ ಇದ್ದದ್ದು 1989ರ ಹೊತ್ತಿಗೆ 118 ಜೋಡಿಗಿಳಿಯಿತು, ಅವೂ ಹೆಚ್ಚಾಗಿ ದಕ್ಷಿಣ ಡೆವನ್ನಿನಲ್ಲಿ. ಸುಗ್ಗಿ ಮುಗಿದ ಕೂಡಲೇ ಹೊಲ ಉತ್ತು ಮತ್ತೆ ಬಿತ್ತುವ ಪದ್ಧತಿ ಬಂದು ಚಳಿಗಾಲದ ಕೂಳೆಯಲ್ಲಿ ಹೆಕ್ಕಲು ಕಾಳೇ ಉಳಿಯದೆ ಹೋದದ್ದು ಒಂದು ದೊಡ್ಡ ಕಾರಣ. ಕೂಳೆಯನ್ನು ಚಳಿಗಾಲ ಮುಗಿಯುವ ತನಕ ಹಾಗೇ ಬಿಡುವ, ಬೇಲಿ ಉಳಿಸಿಕೊಳ್ಳುವ ರೈತರಿಗೆ ಹಣ ಸಿಗುವ ಏರ್ಪಾಡು ಬಂತು. 2016ರ ಗಣತಿಯಲ್ಲಿ ಸಾವಿರ ಜೋಡಿ ದಾಟಿತ್ತು. ರೈತರನ್ನು ಜೊತೆಗಿಟ್ಟುಕೊಂಡು ಒಂದು ಹಕ್ಕಿಯನ್ನು ಉಳಿಸಿದ ಉದಾಹರಣೆ ಬೇಕಾದವರು ಈ ಬೇಲಿಗಳ ಮುಂದೆ ನಿಲ್ಲಬೇಕು.

ಇನ್ನೊಂದು ಅಪರೂಪ ಕಾಲಡಿಯದು. ಬೇಸಿಗೆಯ ಕೊನೆಯಲ್ಲಿ ಕೆರೆಯ ನೀರು ಇಳಿದು ಅಂಚಿನ ಕಲ್ಲುಕೆಸರು ಬಯಲಾದಾಗ ಸ್ಟ್ರ್ಯಾಪ್‌ವರ್ಟ್ ಎಂಬ ಪುಟ್ಟ ಸಸ್ಯ ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ಕೆಂಪು ಛಾಯೆಯ ಎಳೆಕಾಂಡ, ಸಾಸಿವೆಯಷ್ಟು ಬಿಳಿ ಹೂಗಳ ಗೊಂಚಲು. ಬ್ರಿಟನ್ನಿನಲ್ಲಿ ಅದು ಸಹಜವಾಗಿ ಉಳಿದಿರುವ ನೆಲೆ ಈ ಕೆರೆಯ ಅಂಚು. ಬೇಲಿ ಹಾಕಿದ ಕಡೆ ಒಳಗೆ ಕಾಲಿಡಬೇಡಿ. ಅದನ್ನೇ ನೋಡಬೇಕೆನ್ನುವವರು ಊರಿನಲ್ಲಿರುವ ಫೀಲ್ಡ್ ಸ್ಟಡೀಸ್ ಕೌನ್ಸಿಲ್ ಕೇಂದ್ರದವರನ್ನು ಕೇಳಿ. 1959ರಿಂದ ಅಲ್ಲಿ ಶಾಲಾ ಮಕ್ಕಳು, ವಿದ್ಯಾರ್ಥಿಗಳು ಬಂದು ಕೆರೆಯನ್ನೂ ತೀರವನ್ನೂ ಅಭ್ಯಾಸ ಮಾಡುತ್ತಾರೆ, ನಿಸರ್ಗಕ್ಕೆಂದು ಮೀಸಲಾದ ಈ ಪ್ರದೇಶದ ಉಸ್ತುವಾರಿಯೂ ಅವರದೇ. ಇದಕ್ಕೆಲ್ಲ ಮೊದಲು, 1921ರಲ್ಲಿ, ಪೇಂಟನ್ ಮೃಗಾಲಯ ಕಟ್ಟಿದ ಹರ್ಬರ್ಟ್ ವಿಟ್ಲಿ ಈ ಕೆರೆಯನ್ನು ಕೊಂಡು ಕಾಪಾಡದಿದ್ದರೆ ದಂಡೆಯಲ್ಲಿ ಇಂದು ಏನಿರುತ್ತಿತ್ತೋ!

ಮಧ್ಯಾಹ್ನ ಊರಿನೊಳಗೆ ಬನ್ನಿ. ಸೇಂಟ್ ಜೇಮ್ಸ್ ಚರ್ಚು ಹಳೆಯದು, ಮೊನಚಾದ ಶಿಖರದ್ದು. ಅದರ ಹತ್ತಿರದಲ್ಲೇ ಒಂಟಿಯಾಗಿ ನಿಂತ ಗೋಪುರ ಹದಿನಾಲ್ಕನೆಯ ಶತಮಾನದಲ್ಲಿ ಸರ್ ಗೈ ಡಿ ಬ್ರಯನ್ ಎಂಬ ಸರದಾರ ಸ್ಥಾಪಿಸಿದ ಪ್ರಾರ್ಥನಾ ಮಠದ ಉಳಿಕೆ. ಗೋಪುರದ ನೆರಳಿನಲ್ಲೇ ಟವರ್ ಇನ್ ಇದೆ. ಹಳ್ಳಿಯ ಪಬ್ಬುಗಳ ಅಡುಗೆಮನೆ ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಮುಚ್ಚಿರುವುದು ಸಾಮಾನ್ಯ. ಸಸ್ಯಾಹಾರಿಗಳಿಗೆ ಒಂದೆರಡು ಬಗೆ ಸಿಕ್ಕೇ ಸಿಗುತ್ತದೆ, ಆದರೂ ಬುತ್ತಿ ಕಟ್ಟಿಕೊಂಡು ಹೋದರೆ ನೆಮ್ಮದಿ.

ಚರ್ಚಿನೊಳಗೆ ಕುಳಿತಾಗ 1943ರ ನವೆಂಬರನ್ನು ನೆನೆಯಿರಿ. ನಾರ್ಮಂಡಿಯಲ್ಲಿ ಅಮೆರಿಕನ್ನರು ಇಳಿಯಬೇಕಿದ್ದ, ಯುಟಾ ಎಂಬ ಗುಪ್ತನಾಮದ ತೀರಕ್ಕೂ ಸ್ಲ್ಯಾಪ್ಟನ್‌ಗೂ ಹೋಲಿಕೆಯಿತ್ತು: ಮುಂದೆ ನೀಳವಾದ ತೀರ, ಹಿಂದೆ ನೀರು ನಿಂತ ತಗ್ಗು, ಅದನ್ನು ದಾಟಲು ಒಂದೆರಡೇ ದಾರಿ. ಹಕ್ಕಿಗಳಿಗೆ ಆಸರೆಯಾದ ಆ ಆಕಾರವೇ ಸೇನೆಯ ಕಣ್ಣಿಗೂ ಬಿತ್ತು. ನಿಜವಾದ ಮದ್ದುಗುಂಡು ಹಾರಿಸಿ ತಾಲೀಮು ನಡೆಸಬೇಕಾದ್ದರಿಂದ ಜನ ಇರುವಂತಿರಲಿಲ್ಲ. ಸ್ಲ್ಯಾಪ್ಟನ್, ಸ್ಟ್ರೀಟ್, ಸ್ಟೋಕನಮ್, ಬ್ಲ್ಯಾಕಾಟನ್, ಶರ್ಫರ್ಡ್, ಈಸ್ಟ್ ಆಲಿಂಗ್ಟನ್ ಮುಂತಾದ ಪ್ಯಾರಿಷ್‌ಗಳಲ್ಲಿ ಸಭೆ ಕರೆದು ತಿಳಿಸಿದರು: ಡಿಸೆಂಬರ್ 20ರೊಳಗೆ ಎಲ್ಲರೂ ಹೊರಡಬೇಕು. ಸುಮಾರು 30,000 ಎಕರೆ, ಸುಮಾರು 3,000 ಜನ, ನೂರಾರು ಹೊಲಮನೆಗಳು. ಕೈಯಲ್ಲಿದ್ದದ್ದು ಆರು ವಾರ. ಆ ಆರು ವಾರದಲ್ಲಿ ನೆಲದೊಳಗಿನ ಗೆಡ್ಡೆ ಅಗೆಯಬೇಕು, ಹುಲ್ಲು ಸಾಗಿಸಬೇಕು, ದನ ಕುರಿಗಳಿಗೆ ಬೇರೆ ಕೊಟ್ಟಿಗೆ ಹುಡುಕಬೇಕು, ಮುದುಕರನ್ನು ಎಬ್ಬಿಸಿ ಕರೆದೊಯ್ಯಬೇಕು. ಚರ್ಚುಗಳ ಕೆತ್ತನೆಗಳನ್ನು ಬಿಚ್ಚಿ ಸಾಗಿಸಿದರು, ಬಿಚ್ಚಲಾಗದ್ದಕ್ಕೆ ಮರಳು ಚೀಲ ಒಟ್ಟಿದರು. ಈ ಕಟ್ಟಡವನ್ನು ಗೌರವದಿಂದ ಕಾಣಿ ಎಂದು ಮಿತ್ರ ಸೈನಿಕರನ್ನು ಕೋರುವ ಎಕ್ಸೆಟರ್ ಬಿಷಪ್ಪರ ಪತ್ರವನ್ನು ಚರ್ಚುಗಳಲ್ಲಿ ತೂಗುಹಾಕಿದರು. ಎಲ್ಲಿಗೆ ಹೋಗಬೇಕು ಎಂದು ಯಾರೂ ಹೇಳಲಿಲ್ಲ, ಯಾಕೆ ಹೋಗಬೇಕು ಎಂದೂ ಪೂರ್ತಿ ಹೇಳಲಿಲ್ಲ. ಮರಳಿ ಬಂದಾಗ ಅವರಿಗೆ ಸಿಕ್ಕಿದ್ದು ಇಲಿಗಳು, ಒಡೆದ ಗೋಡೆಗಳು, ಕಾಡಾಗಿ ಬೆಳೆದ ಹೊಲಗಳು. ಮಕ್ಕಳಿಗೆ ಈ ಕಥೆ ಮೊದಲೇ ಪರಿಚಯವಾಗಿರಲಿ ಎಂದರೆ ಮೈಕೆಲ್ ಮಾರ್ಪುರ್ಗೋ ಬರೆದ ‘ದಿ ಅಮೇಜಿಂಗ್ ಸ್ಟೋರಿ ಆಫ್ ಅಡಾಲ್ಫಸ್ ಟಿಪ್ಸ್’ ಕಾದಂಬರಿ ಓದಿಸಿ ಕರೆತನ್ನಿ. ಅದು ಈ ತೆರವಿನ ಕಾಲದ ಸ್ಲ್ಯಾಪ್ಟನ್‌ನಲ್ಲಿ ನಡೆಯುವ ಕಥೆ.

ತೀರದ ಮೇಲೆ, ಊರಿನ ದಾರಿ ಬಂದು ಕೂಡುವ ಜಾಗದ ಹತ್ತಿರ, ಒಂದು ಕಲ್ಲಿನ ಸ್ಮಾರಕವಿದೆ. 1954ರಲ್ಲಿ ಅಮೆರಿಕದ ಸೇನೆ ಕೊಟ್ಟದ್ದು. ಹಲವು ಪ್ರವಾಸಿಗರು ಅದನ್ನು ತಾಲೀಮಿನ ವೇಳೆ ಸತ್ತ ಸೈನಿಕರ ಸ್ಮಾರಕವೆಂದು ತಿಳಿದು ಹೂವಿಟ್ಟು ಹೋಗುತ್ತಾರೆ. ಓದಿ ನೋಡಿ: ಅದು ಮನೆ ಬಿಟ್ಟುಕೊಟ್ಟ ಹಳ್ಳಿಗರಿಗೆ ಹೇಳಿದ ಕೃತಜ್ಞತೆ. ಸತ್ತವರ ಮಾತು ಅಲ್ಲಿಲ್ಲ. ಅದಕ್ಕೆ ದಕ್ಷಿಣದ ತುದಿಯ ಟೋರ್‌ಕ್ರಾಸ್‌ವರೆಗೆ ನಡೆಯಬೇಕು. ಕೆರೆಯ ಪಕ್ಕದ ದಾರಿಯಲ್ಲಿ ಮುಕ್ಕಾಲು ಗಂಟೆ. ಕಲ್ಲಿನ ಮೇಲೆ ನಡೆದರೆ ಅದರ ಎರಡರಷ್ಟು, ಕಾಲೂ ಸೋಲುತ್ತದೆ. ಮೇ, ಜೂನ್‌ನಲ್ಲಿ ಈ ನಡಿಗೆಯ ಉದ್ದಕ್ಕೂ ಕಲ್ಲಿನ ನಡುವೆ ಹಳದಿ ಕೊಂಬುಗಸಗಸೆ, ನೀಲಿ ವೈಪರ್ಸ್ ಬ್ಯುಗ್ಲಾಸ್ ಹೂಗಳು.

ಟೋರ್‌ಕ್ರಾಸ್‌ನ ಕಾರು ನಿಲ್ದಾಣದ ಬಳಿ ಕಪ್ಪು ಬಳಿದ ಒಂದು ಶರ್ಮನ್ ಟ್ಯಾಂಕು ನಿಂತಿದೆ. ಸುತ್ತಿ ಹಿಂಭಾಗಕ್ಕೆ ಹೋಗಿ, ಹಡಗಿಗಿರುವಂಥ ಪ್ರೊಪೆಲ್ಲರುಗಳನ್ನು ನೋಡಿ. ಸುತ್ತ ಕ್ಯಾನ್ವಾಸಿನ ಗೋಡೆ ಎತ್ತಿಕೊಂಡು ನೀರಿನಲ್ಲಿ ತೇಲಿ ಬರಲು ಮಾಡಿದ ಟ್ಯಾಂಕಿದು. ತಾಲೀಮೊಂದರಲ್ಲಿ ಮುಳುಗಿ ನಲವತ್ತು ವರ್ಷ ಕಡಲ ತಳದಲ್ಲಿತ್ತು. ಟೋರ್‌ಕ್ರಾಸ್‌ನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಕೆನ್ ಸ್ಮಾಲ್ ಬಿರುಗಾಳಿಯ ನಂತರ ತೀರದಲ್ಲಿ ಗುಂಡು, ಗುಂಡಿ, ಉಂಗುರ ಹೆಕ್ಕುತ್ತಾ ಇವು ಯಾರವು ಎಂದು ಕೇಳತೊಡಗಿದರು. 1974ರಲ್ಲಿ ಅಮೆರಿಕ ಸರ್ಕಾರದಿಂದ ಆ ಟ್ಯಾಂಕನ್ನು 50 ಡಾಲರಿಗೆ ಕೊಂಡರು. ದಡಕ್ಕೆ ಎಳೆಯಲು ಇನ್ನೂ ಹತ್ತು ವರ್ಷ ಬೇಕಾಯಿತು. 1984ರಲ್ಲಿ ಅದು ಮೇಲೆ ಬಂತು.

ಅವರು ನೆನಪಿಸಲು ಹೆಣಗಿದ ಘಟನೆ ಎಕ್ಸರ್‌ಸೈಜ್ ಟೈಗರ್. 1944ರ ಏಪ್ರಿಲ್ 28ರ ನಸುಕಿಗೆ ಮುನ್ನ, ಸೈನಿಕರನ್ನೂ ವಾಹನಗಳನ್ನೂ ತುಂಬಿಕೊಂಡು ಎಂಟು ಎಲ್‌ಎಸ್‌ಟಿ ಎಂಬ ಟ್ಯಾಂಕು ಸಾಗಿಸುವ ಹಡಗುಗಳು ಲೈಮ್ ಕೊಲ್ಲಿಯಲ್ಲಿ ಸಾಲಾಗಿ ಬರುತ್ತಿದ್ದವು. ಕಾವಲಿಗೆ ಇರಬೇಕಿದ್ದ ಎರಡು ಯುದ್ಧನೌಕೆಗಳಲ್ಲಿ ಒಂದು ಡಿಕ್ಕಿಯಿಂದ ಜಖಂಗೊಂಡು ಪ್ಲಿಮತ್‌ನಲ್ಲಿತ್ತು. ಆದೇಶಪತ್ರದಲ್ಲಿನ ತಪ್ಪಿನಿಂದ ಎಲ್‌ಎಸ್‌ಟಿಗಳ ರೇಡಿಯೋ ಬೇರೆ ತರಂಗಾಂತರದಲ್ಲಿತ್ತು, ಎಚ್ಚರಿಕೆ ಕೇಳಿಸಲಿಲ್ಲ. ಶೆರ್‌ಬೂರ್‌ನಿಂದ ಹೊರಟ ಒಂಬತ್ತು ಜರ್ಮನ್ ಇ-ಬೋಟುಗಳು, ಅಂದರೆ ವೇಗದ ಟಾರ್ಪೀಡೋ ದೋಣಿಗಳು, ಕತ್ತಲಲ್ಲಿ ಬಂದು ಟಾರ್ಪೀಡೋ ಹಾರಿಸಿದವು. ಎಲ್‌ಎಸ್‌ಟಿ 507 ಮತ್ತು 531 ಮುಳುಗಿದವು, 289 ಹಾನಿಗೊಂಡು ಡಾರ್ಟ್‌ಮತ್ ಸೇರಿತು. ತೇಲುಪಟ್ಟಿಯನ್ನು ಕಂಕುಳಡಿ ಕಟ್ಟಿಕೊಳ್ಳಬೇಕೆಂದು ಬಹಳಷ್ಟು ಸೈನಿಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡವರು ಬೆನ್ನಿನ ಹೊರೆಯ ಭಾರಕ್ಕೆ ತಲೆಕೆಳಗಾದರು. ಉಳಿದವರನ್ನು ಕೊರೆಯುವ ನೀರು ಕೊಂದಿತು. ಎಲ್‌ಎಸ್‌ಟಿ 515ರ ನಾಯಕ ಜಾನ್ ಡಾಯ್ಲ್ ಮಾತ್ರ ಹಡಗು ಹಿಂತಿರುಗಿಸಿ ನೂರಕ್ಕೂ ಹೆಚ್ಚು ಜನರನ್ನು ಎತ್ತಿಕೊಂಡರು. ಸತ್ತವರ ಸಂಖ್ಯೆ 749 ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ದಾಳಿಯ ಗುಟ್ಟು ಒಡೆಯಬಾರದೆಂದು ಬದುಕಿದವರ ಬಾಯಿಗೆ ಬೀಗ ಬಿತ್ತು.

ಇದನ್ನು ಓದಿಕೊಂಡು ಹೋದವರು ಕಾಲಡಿಯ ನೀರನ್ನೇ ನೋಡುತ್ತಾ ನಿಲ್ಲುತ್ತಾರೆ. ಹಡಗುಗಳು ಮುಳುಗಿದ್ದು ಇಲ್ಲಿಂದ ಬಹು ದೂರ, ಪೂರ್ವಕ್ಕೆ, ತೆರೆದ ಕಡಲಲ್ಲಿ. ಸಮಾಧಿಗಳೂ ಇಲ್ಲಿಲ್ಲ. ಕೇಂಬ್ರಿಜ್ ಹತ್ತಿರದ ಮ್ಯಾಡಿಂಗ್ಲಿಯ ಅಮೆರಿಕನ್ ಸ್ಮಶಾನದಲ್ಲಿ ಕೆಲವರ ಸಮಾಧಿಗಳಿವೆ, ದೇಹ ಸಿಗದವರ ಹೆಸರು ಗೋಡೆಯ ಮೇಲಿದೆ. ಆದರೂ ಕುಟುಂಬದವರು, ಮಾಜಿ ಸೈನಿಕರು ಬರುವುದು ಈ ಟ್ಯಾಂಕಿನ ಬಳಿಗೆ. ಮಕ್ಕಳನ್ನು ಅದರ ಮೇಲೆ ಹತ್ತಿಸಿ ಫೋಟೋ ತೆಗೆಯಬೇಡಿ. ಏಪ್ರಿಲ್ ಕೊನೆಯ ವಾರದಲ್ಲಿ ಹೋಗುವವರು ಸ್ಮರಣೆಯ ಕಾರ್ಯಕ್ರಮವಿದೆಯೇ ಎಂದು ಮೊದಲೇ ವಿಚಾರಿಸಿ, ಇದ್ದರೆ ಹಿಂದೆ ನಿಂತು ಪಾಲ್ಗೊಳ್ಳಿ. ನನ್ನ ಪ್ರಕಾರ ಭೇಟಿಗೆ ಅದೇ ಸರಿಯಾದ ಕಾಲ. ಕಾಡಿನಲ್ಲಿ ನೀಲಿ ಬ್ಲೂಬೆಲ್ ಹೂಗಳು, ಜೊಂಡಿಗೆ ಆಗತಾನೆ ಬಂದಿಳಿದ ಹಕ್ಕಿಗಳು, ಜನಜಂಗುಳಿ ಇಲ್ಲ.

ಎರಡನೆಯ ದಿನಕ್ಕೆ ಎರಡು ಆಯ್ಕೆಗಳಿವೆ. ಡಾರ್ಟ್ ನದಿಯ ಮೇಲ್ಗಡೆಯ ಗ್ರೀನ್‌ವೇ ಅಗಾಥಾ ಕ್ರಿಸ್ಟಿಯವರ ರಜಾಮನೆ. ಯುದ್ಧಕಾಲದಲ್ಲಿ ಅಮೆರಿಕದ ಕರಾವಳಿ ಪಡೆಯವರು ಅಲ್ಲಿದ್ದರು, ಅವರಲ್ಲೊಬ್ಬರು ಗ್ರಂಥಾಲಯದ ಗೋಡೆಯ ಮೇಲಂಚಿನಲ್ಲಿ ಬರೆದ ಯುದ್ಧಯಾತ್ರೆಯ ಚಿತ್ರಪಟ್ಟಿಯನ್ನು ಕ್ರಿಸ್ಟಿ ಅಳಿಸದೆ ಉಳಿಸಿಕೊಂಡರು. ಆದರೆ ಒಂದನ್ನೇ ಆರಿಸಬೇಕಾದರೆ ದಕ್ಷಿಣಕ್ಕೆ, ಹಾಲ್‌ಸ್ಯಾಂಡ್ಸ್‌ಗೆ ಹೋಗಿ. 1897ರಿಂದ ಪ್ಲಿಮತ್‌ನ ನೌಕಾನೆಲೆ ವಿಸ್ತರಿಸಲು ಆ ಮೀನುಗಾರರ ಹಳ್ಳಿಯ ಎದುರಿನ ಉರುಟುಗಲ್ಲನ್ನು ಲಕ್ಷಾಂತರ ಟನ್ ಎತ್ತಿ ಸಾಗಿಸಿದರು. ಕಡಲು ಮತ್ತೆ ತುಂಬಿಕೊಡುತ್ತದೆ ಎಂದು ನಂಬಿದ್ದರು. ತುಂಬಿಕೊಡಲಿಲ್ಲ. ತೀರ ಕುಸಿಯಿತು, 1917ರ ಜನವರಿಯ ಬಿರುಗಾಳಿ ಊರನ್ನು ಒಡೆದು ಹಾಕಿತು. ಜೀವ ಹೋಗಲಿಲ್ಲ, ಮನೆಗಳು ಹೋದವು. ಮೇಲಿನ ವೀಕ್ಷಣಾ ಜಾಗದಿಂದಲೇ ಗೋಡೆಗಳ ಉಳಿಕೆ ನೋಡಿ, ಕೆಳಗೆ ಇಳಿಯುವ ಸಾಹಸ ಬೇಡ, ಬಂಡೆ ಜಾರುತ್ತದೆ.

ಇನ್ನು ಎಚ್ಚರಿಕೆಗಳು. ಸ್ಲ್ಯಾಪ್ಟನ್ ತೀರದಲ್ಲಿ ನೀರು ಕೆಲವೇ ಹೆಜ್ಜೆಗೆ ಆಳವಾಗುತ್ತದೆ. ಪೂರ್ವದ ಗಾಳಿಯಿದ್ದಾಗ ಅಲೆ ದಡಕ್ಕೇ ಅಪ್ಪಳಿಸಿ ಕಾಲೆಳೆಯುತ್ತದೆ. ಮೊಣಕಾಲು ನೆನೆಸಿದರೆ ಸಾಕು, ಮಕ್ಕಳ ಕೈ ಬಿಡಬೇಡಿ. ತುಕ್ಕು ಹಿಡಿದ ಲೋಹದ ವಸ್ತು ಕಂಡರೆ ಮುಟ್ಟದೆ ದೂರ ಸರಿದು 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ, ಯುದ್ಧದ ಸಿಡಿಮದ್ದು ಇಂದಿಗೂ ಸಿಗುತ್ತದೆ. ಡಿಸೆಂಬರಿನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಒಂಬತ್ತೂವರೆಯ ತನಕ ಬೆಳಕು. ಭಾರತದ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾ ಬೇಕು, ಬೇಸಿಗೆಯ ನೂಕುನುಗ್ಗಲಿಗೆ ಮೊದಲೇ ಅರ್ಜಿ ಹಾಕಿ.

ಕಲ್ಲುಗಳು ಚೆಂದ, ನಿಜ. ನೆನಪಿಗೆ ಇರಲಿ ಎಂದು ಮಕ್ಕಳು ಜೇಬು ತುಂಬಿಕೊಳ್ಳುತ್ತಾರೆ. ಹೊರಡುವ ಮುನ್ನ ಜೇಬು ಖಾಲಿ ಮಾಡಿಸಿ, ಅವನ್ನು ತೀರಕ್ಕೇ ಹಾಕಿಸಿ. ಈ ಕೊಲ್ಲಿಗೆ ಹೊಸ ಕಲ್ಲು ಬರುವುದಿಲ್ಲ.